ಚರಗದ ಕರೆ

ರಂಜಾನ್ ಅಲ್ಲ, ಬಕ್ರೀದ್ ಅಲ್ಲ, ಮನೆಯಲ್ಲಿ ಮದುವೆ ಮುಂಜಿ ಅಂತಲೂ ಇಲ್ಲ. ಅಂಥ ದಿನ ತಮ್ಮನಾದವನು ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ ಅಂದರೆ ಏನೋ ಕೆಲಸ ಇದೆ ಅಂತಲೇ ಅರ್ಥ. ಅಮೀನಬಿಗೆ ಅದು ತಿಳಿಯದ್ದೇನಲ್ಲ. ಆದರೂ ಯಾಸೀನನ ಮುಖ ಕಂಡ ಕೂಡಲೇ ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುವ ರಾಟಿಯನ್ನು ಬದಿಗೆ ಸರಿಸಿ ಚಹಾಕ್ಕೆ ಇಟ್ಟಳು. ತವರಿನವರನ್ನು ಮೊದಲು ಕೂರಿಸಿ, ಅನುಮಾನ ಪಡುವುದನ್ನು ಆಮೇಲೆ ನೋಡಿಕೊಳ್ಳುವುದು ಹೆಣ್ಣುಮಕ್ಕಳ ಪದ್ಧತಿ.

ಚಹಾ ಮುಗಿಯುವ ತನಕ ಯಾಸೀನ ಗುಳೇದಗುಡ್ಡದ ಬಸ್ಸಿನ ಗದ್ದಲವನ್ನೇ ಹೇಳಿದ. ಕಪ್ಪು ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದ.

"ಅಕ್ಕ, ಹೊಲಾ ಕಲ್ಲಿನ ಕ್ವಾರಿಯವರಿಗೆ ಕೊಡಬೇಕಂತ ಮಾಡೇನಿ. ಅವರ ವಕೀಲ ಉತಾರ ತಗಸಿ ನೋಡ್ಯಾನ. ಅದರಾಗ ನನ್ನ ಜೋಡಿ ನಿನ್ನ ಹೆಸರೂ ಐತಿ. ಅಪ್ಪ ಸತ್ತ ಮ್ಯಾಲ ವಾರಸಾ ಹಚ್ಚುವಾಗ ಇಬ್ಬರದೂ ಕೂಡಿಸಿ ಬರದಾರ. ನೀ ಬಂದು ಒಂದು ಸಹಿ ಮಾಡಬೇಕು."

"ನನ್ನ ಹೆಸರು ಹೆಂಗ ಬಂತು? ನಾ ಬಿಟ್ಟೀನಲ್ಲೋ."

"ಬಾಯಿಲೆ ಬಿಟ್ಟಿ. ಅದನ್ನ ಸರಕಾರಕ್ಕ ಯಾರು ಹೇಳ್ಯಾರ?"

ಬಾಯಲ್ಲಿ ಬಿಟ್ಟದ್ದು ಮದುವೆಯ ದಿನ. ಅವರ ಮನೆತನದಲ್ಲಿ ಅದೊಂದು ರೂಢಿ. ಮದುಮಗಳು ಹೊಸಿಲು ದಾಟುವ ಮುಂಚೆ ಹಿರಿಯರ ಎದುರು ಕೂರಿಸಿ, ಹೊಲದ ಮೇಲೆ ಆಸೆ ಇದೆಯೇನವ್ವ ಅಂತ ಕೇಳುತ್ತಾರೆ. ಇದೆ ಅಂದ ಹುಡುಗಿಯನ್ನು ಈವರೆಗೆ ಯಾರೂ ಕಂಡಿಲ್ಲ. ಬಿಟ್ಟೆ ಅನ್ನಬೇಕು. ಅಂದರೆ ಉಡಿಗೆ ಸೀರೆ ಬೀಳುತ್ತದೆ, ಪ್ರತಿ ಎಳ್ಳಮಾವಾಸ್ಯೆಗೆ ಚರಗಕ್ಕೆ ಕರೆಯುತ್ತೇವೆ ಅಂತ ಮಾತು ಸಿಗುತ್ತದೆ. ಚರಗವೆಂದರೆ ನಿಂತ ಪೈರಿನ ನಡುವೆ ಕಡುಬು, ರೊಟ್ಟಿ, ಪಲ್ಯ ಚೆಲ್ಲುತ್ತ ಭೂಮಿಗೆ ಉಣ್ಣಿಸಿ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವುದು. ಅದಕ್ಕೆ ಹಿಂದೂ ಮುಸಲ್ಮಾನ ಅಂತಿಲ್ಲ, ಹೊಲ ಇದ್ದವರೆಲ್ಲರ ಹಬ್ಬ ಅದು. ಅಮೀನಬಿಯೂ ತಲೆ ತಗ್ಗಿಸಿ ಬಿಟ್ಟೆ ಅಂದಿದ್ದಳು. ಎಷ್ಟು ಒಳ್ಳೆಯ ಹುಡುಗಿ ಅಂತ ಹಿರಿಯರು ಹೊಗಳಿದ್ದರು. ಒಳಗೊಳಗೆ ಹೊಟ್ಟೆ ಉರಿದದ್ದು ಅವಳಿಗೆ ಮಾತ್ರ ಗೊತ್ತು.

ಹೊಲವಾದರೂ ಎಂಥದು? ಅವಳಪ್ಪ ರಾಜಮಹ್ಮದ ಇಳಕಲ್ಲಿನ ಹತ್ತಿರದ ಹಳ್ಳಿಯಲ್ಲಿ ಇನ್ನೊಬ್ಬರ ನೆಲವನ್ನು ಪಾಲಿಗೆ ಮಾಡಿಕೊಂಡಿದ್ದವನು. ಉಳುವವನಿಗೇ ಹೊಲ ಎಂಬ ಕಾಯ್ದೆ ಬಂದಾಗ ಧಣಿಗಳು ಒಳ್ಳೆಯ ಎರೆಭೂಮಿಯನ್ನು ಹೇಗೋ ಉಳಿಸಿಕೊಂಡು, ಬರೀ ಕಲ್ಲಿನ ಮಡ್ಡಿಯನ್ನು ಅವನಿಗೆ ದಾಟಿಸಿದರು. ರಾಜಮಹ್ಮದ ಅದನ್ನೇ ಕಣ್ಣಿಗೊತ್ತಿಕೊಂಡ. ಅವನು ಹಾರೆಯಿಂದ ಕಲ್ಲು ಎಬ್ಬಿಸಿದರೆ, ಅಮೀನಬಿ ಕೂಸಾಗಿದ್ದ ಯಾಸೀನನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಆ ಕಲ್ಲು ಹೊತ್ತು ಒಡ್ಡಿಗೆ ಹಾಕುತ್ತಿದ್ದಳು. ಕಲ್ಲು ಹೋಗಿ ಮಣ್ಣು ಕಂಡಿತು, ಮಣ್ಣಿನಲ್ಲಿ ತೊಗರಿ ಬಂತು. ಈಗ ಆ ಮಣ್ಣಿನ ಕೆಳಗಿನ ಕೆಂಪು ಬಂಡೆಗೆ ಬೆಲೆ ಬಂದಿದೆ. ದೊಡ್ಡವರ ಕಣ್ಣು ಬಡವನ ಹೊಲದ ಮೇಲೆ ಬೀಳುವುದು ಇಂಥ ಹೊತ್ತಿನಲ್ಲೇ.

ಗುಳೇದಗುಡ್ಡದ ಮಗ್ಗದ ಮನೆಗೆ ಬಂದ ಮೇಲೆ ಅಮೀನಬಿಗೆ ಹಗಲೂ ಅರೆಗತ್ತಲೆಯೇ. ಗಂಡ ಅಫ್ಸರ ಕುಪ್ಪಸದ ಖಣ ನೇಯುತ್ತಿದ್ದ, ಅವಳು ಕಂಡಿಕೆ ಸುತ್ತುತ್ತಿದ್ದಳು. ಮುಚ್ಚುಮರೆ ಯಾಕೆ, ಅವಳು ಗಂಡನಿಗಿಂತ ಆ ಹೊಲವನ್ನೇ ಹೆಚ್ಚು ಬಯಸಿದಳು. ಬಿಸಿಲಿಗೆ ಕಾದ ಮಣ್ಣಿನ ವಾಸನೆ ನೆನಪಾದರೆ ಕೈ ನಿಂತುಬಿಡುತ್ತಿತ್ತು. ಚರಗದ ಕರೆ ಬಂದಾಗ ಓಡಿ ಹೋಗುವಳು. ಹೋದರೂ ಅತಿಥಿಯೇ. ನಾಲ್ಕು ತೊಗರಿಕಾಯಿ ಹರಿಯಬೇಕಾದರೂ ತಮ್ಮನ ಹೆಂಡತಿ ಬಾನುಬಿಯ ಮುಖ ನೋಡಬೇಕಿತ್ತು. ಆ ಹೊಲ ಇಷ್ಟು ವರ್ಷ ಕಾಗದದಲ್ಲಿ ತನ್ನದೂ ಆಗಿತ್ತಂತೆ. ಅವಳಿಗೆ ಮೊದಲು ಸಂತೋಷವಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು.

"ಅಮಾಸಿ ಹತ್ರ ಬಂತು," ಅಂದಳು. "ಚರಗಾ ಚೆಲ್ಲಿ ಆಮ್ಯಾಲ ಸಹಿ ಮಾತು ಆಡೂಣು."

ಯಾಸೀನ ಹಗುರಾಗಿ ಎದ್ದು ಹೋದ.

ಅಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಆದರೆ ಒಡ್ಡಿನಾಚೆ ಬೇರೆಯವರ ಹೊಲದಲ್ಲಿ ಹೋದ ವರ್ಷ ಜೋಳ ಇದ್ದ ಕಡೆ ಈಗ ಆಳದ ಕ್ವಾರಿ, ತಳದಲ್ಲಿ ಹಸಿರು ನೀರು. ಅಮೀನಬಿ ಚರಗ ಚೆಲ್ಲಿ ಬಂದು ತಮ್ಮನ ಪಕ್ಕ ಕೂತಳು.

"ಮುಂದಿನ ವರ್ಷ ಚರಗಾ ಎಲ್ಲಿ ಚೆಲ್ಲೋದು?"

"ಹೊಲಾನ ಇಲ್ಲಂದ ಮ್ಯಾಲ ಎಲ್ಲೀ ಚರಗಾ ಅಕ್ಕ?"

"ಹಂಗಾರ ನನ್ನ ಯಾತಕ್ಕ ಕರೀತಿ?"

ಯಾಸೀನ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ.

"ನನ್ನ ಪಾಲು ನನಗ ಬಿಡು. ಒಡ್ಡಿನ ಕಡೇದು ಸಣ್ಣದಾದ್ರೂ ಅಡ್ಡಿಯಿಲ್ಲ. ನಿಂದು ನೀ ಏನರ ಮಾಡು."

"ತುಂಡು ತುಂಡು ಅವರು ತಗೋಳಂಗಿಲ್ಲ, ಪೂರಾ ಬೇಕಂತ. ನನ್ನ ಮಣಕಾಲು ಹೋಗ್ಯಾವು ಅಕ್ಕ. ಈ ಮಡ್ಡಿಯಾಗ ಇನ್ನೆಷ್ಟು ದುಡೀಲಿ? ಮಗಳು ಆಫ್ರೀನ ನರ್ಸಿಂಗ್ ಓದತೇನಿ ಅಂತಾಳ. ನೀ ವರ್ಷಕ್ಕೊಮ್ಮೆ ಬಂದು ಉಂಡು ಹೋಗಾಕಿ, ನಿನಗ ಹೊಲಾ ಚಂದ ಕಾಣತೈತಿ."

ಮಾತು ಖರೆ ಇತ್ತು, ಅದಕ್ಕೇ ಚುಚ್ಚಿತು.

"ಉಂಡು ಹೋಗಾಕಿನ ಹೌದು. ನನ್ನ ಹಂಗ ಮಾಡಿದವರು ಯಾರು?" ಅಂದಳು ಅಮೀನಬಿ. "ನಾ ಸಹಿ ಮಾಡಂಗಿಲ್ಲ."

"ಮಾಡಲಿಲ್ಲಂದ್ರ ನಿನಗ ತವರಿಲ್ಲ ಅಂತ ತಿಳಕೋ," ಅಂದ ಯಾಸೀನ, ಕೂಗಾಡದೆ, ನೆಲ ನೋಡುತ್ತ. ಬಾನುಬಿ ಪಾತ್ರೆ ಎತ್ತಿಟ್ಟಳು.

ಸಹಿ ಮಾಡಿದರೆ ಕರೆಯಲಿಕ್ಕೆ ಹೊಲವಿರುವುದಿಲ್ಲ, ಮಾಡದಿದ್ದರೆ ಕರೆಯುವ ತಮ್ಮನಿರುವುದಿಲ್ಲ. ಅಮೀನಗಡದಲ್ಲಿ ಬಸ್ಸು ಬದಲಿಸುವ ತನಕ ಅವಳು ಇದನ್ನೇ ಮೇಲೆ ಕೆಳಗೆ ಮಾಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅತ್ತಳೇ ಹೊರತು ಮನಸ್ಸು ಬದಲಿಸಲಿಲ್ಲ.

ಕ್ವಾರಿಯವರು ಕಾಯಲಿಲ್ಲ, ಬೇರೆ ಊರು ನೋಡಿಕೊಂಡರು. ಅಮೀನಬಿ ಪಾಲಿಗೆ ಅರ್ಜಿ ಕೊಟ್ಟಳು, ಹೊಲ ಅಳೆದು ಮೋಜಣಿ ಆಗಿ ಒಡ್ಡಿನ ಕಡೆಯ ತುಂಡು ಅವಳಿಗೆ ಬಂತು. ಪಕ್ಕದ ಹೊಲದ ಅಂದಾನಪ್ಪನ ಎತ್ತು ಹೂಡಿಸಿ ತೊಗರಿ ಬಿತ್ತಿದಳು. ಕಳೆ ಕೀಳಲು ಬಸ್ಸು ಹತ್ತಿ ಬಂದು ಹೋಗುವಳು. ಕೈಗೆ ಮಣ್ಣು ಹತ್ತಿದ ದಿನ ಮನೆಗೆ ಹೋಗಿ ತೊಳೆಯಲು ಮನಸ್ಸೇ ಬರುತ್ತಿರಲಿಲ್ಲ. ಯಾಸೀನ ತನ್ನ ಪಾಲಿನಲ್ಲಿ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದ. ರಂಜಾನ್ ಬಂತು, ಬಕ್ರೀದ್ ಬಂತು, ತವರಿನಿಂದ ಯಾರೂ ಬರಲಿಲ್ಲ. ಬಾಗಿಲು ಸಪ್ಪಳವಾದಾಗಲೆಲ್ಲ ಅವಳು ರಾಟಿ ಬಿಟ್ಟು ಏಳುತ್ತಿದ್ದಳು.

ಮತ್ತೆ ಎಳ್ಳಮಾವಾಸ್ಯೆ ಬಂತು. ಕರೆ ಬರುವುದಿಲ್ಲವೆಂದು ಗೊತ್ತಿದ್ದ ಅಮೀನಬಿ ತಾನೇ ಕಡುಬು, ಹೋಳಿಗೆ ಮಾಡಿ ಬುಟ್ಟಿ ಕಟ್ಟಿದಳು. ಮೊದಲ ಬಸ್ಸಿಗೆ ಹೊರಟು ಸೀದಾ ತವರಿನ ಬಾಗಿಲಿಗೆ ಹೋದಳು. ಬಾನುಬಿ ಅರೆದನಿಯಲ್ಲಿ, "ಬರ್ರಿ ಅಕ್ಕಾರ" ಅಂದಳು. ಯಾಸೀನ ಹೊರಸಿನ ಮೇಲೆ ಕೂತಿದ್ದವನು ತಲೆ ಎತ್ತಲಿಲ್ಲ.

"ತಮ್ಮಾ, ಇಷ್ಟು ವರ್ಷ ನೀ ಕರದಿ, ನಾ ಬಂದ್ನಿ. ಈ ಸಲ ನಾ ಕರಿಯಾಕ ಬಂದೇನಿ. ನನ್ನ ಹೊಲಕ್ಕ ಚರಗಾ ಐತಿ, ಬಾ."

ನನ್ನ ಹೊಲ ಅನ್ನುವ ಮಾತನ್ನು ಅವಳು ಬಾಯಿ ಬಿಟ್ಟು ಅಂದದ್ದು ಅದೇ ಮೊದಲು. ಯಾಸೀನ ಹೂಂ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಅಮೀನಬಿ ಒಬ್ಬಳೇ ಚರಗ ಚೆಲ್ಲಿ, ತೊಗರಿಯ ನೆರಳಲ್ಲಿ ಬಟ್ಟೆ ಹಾಸಿ ಬುಟ್ಟಿ ಇಟ್ಟಳು. ಹೊತ್ತು ನೆತ್ತಿಗೆ ಬಂದು ವಾಲಿತು. ಅಂದಾನಪ್ಪ ಆ ಕಡೆಯಿಂದ, "ಇನ್ನೂ ಉಂಡಿಲ್ಲೇನವ್ವ?" ಅಂತ ಕೇಳಿದ.

"ನನ್ನ ತಮ್ಮ ಬರಾಂವ ಅದಾನ್ರಿ," ಅಂದಳು.

ಕರೆದವರು ಬರುವವರಿಗಿಂತ ಮೊದಲು ಉಣ್ಣುವಂತಿಲ್ಲ. ಅವಳು ಬುಟ್ಟಿ ಬಿಚ್ಚಲಿಲ್ಲ. ಊರಿನ ಕಡೆಯ ದಾರಿ ನೋಡುತ್ತ, ಕೊನೆಯ ಬಸ್ಸಿನ ಹೊತ್ತಾಗುವ ತನಕ, ತನ್ನ ಸ್ವಂತ ಹೊಲದಲ್ಲಿ ಹಸಿದೇ ಕೂತಳು.