ಜೆಡ್ ಆದ ಮೇಲೆ

ನೆನೆಸಿದ ಅವರೇಕಾಳು ಹಿತುಕಿ ಹಿತುಕಿ ಅಂಬುಜಮ್ಮನ ಹೆಬ್ಬೆರಳು ಸುಕ್ಕುಗಟ್ಟಿತ್ತು. ಇನ್ನೂ ಅರ್ಧ ಬೋಗುಣಿ ಬಾಕಿ. ಅಷ್ಟರಲ್ಲಿ ಮಧುರಾ ತೋಳ ತುಂಬ ಪ್ರಿಂಟಿನ ಕಾಗದ ಹೊತ್ತು ತ್ಯಾಗರಾಜನಗರದ ಅವರ ಮನೆಯ ಮೆಟ್ಟಿಲು ಹತ್ತಿದಳು.

"ಭಾನುವಾರನೂ ಬಿಡಲ್ವೇನೇ? ಕೂತ್ಕೋ, ನೀನೂ ಹಿತುಕು."

ಇಬ್ಬರೂ ಚಾಮರಾಜಪೇಟೆಯ ಆಯುರ್ವೇದ ಔಷಧಿ ಉಗ್ರಾಣದವರು. ಅಂಬುಜಮ್ಮ ದಾಸ್ತಾನು ನೋಡಿಕೊಳ್ಳುವವರು, ಮಧುರಾ ಹೊಸ ಪ್ರೋಗ್ರಾಮರ್. ಅಲ್ಲಿನ ಮೇಜಿನ ಮೇಲಿನ ಪುಟ್ಟ ಪಿ.ಸಿ.ಯಲ್ಲಿ ಏಳು ವರ್ಷ ಓಡಿದ ದಾಸ್ತಾನಿನ ಪ್ರೋಗ್ರಾಮನ್ನು, ಎಲ್ಲ ಶಾಖೆಗಳಿಗೂ ಒಂದೇ ಇರಲೆಂದು ತರಿಸಿದ ಬೀರುವಿನಂಥ ಕಂಪ್ಯೂಟರಿಗೆ ಸಾಗಿಸುವುದು ಅವಳ ಕೆಲಸ. ಎರಡರಲ್ಲೂ ಒಂದೇ ಪಟ್ಟಿ ಬರುತ್ತದೆ ಎಂದು ಅಂಬುಜಮ್ಮ ರುಜು ಹಾಕಿದ ಕಾಗದ ಹುಬ್ಬಳ್ಳಿಯ ಹೆಡ್ಡಾಫೀಸಿಗೆ ಹೋಗಬೇಕು. ತೊಂಬತ್ತಾರರ ಸಂಕ್ರಾಂತಿಯೊಳಗೆ ಹೋಗದಿದ್ದರೆ ಮಧುರಾಳ ನೌಕರಿ ಕಾಯಂ ಆಗುವುದಿಲ್ಲ. ದೀಪಾವಳಿಗೇ ಟೈಪಾದ ಕಾಗದ ಇನ್ನೂ ಅಂಬುಜಮ್ಮನ ಕೈಚೀಲದಲ್ಲೇ ಇತ್ತು. ಹುಡುಗಿಯೆಂದರೆ ಅವರಿಗೆ ಜೀವ. ಆದರೆ ಹೊಸ ಪಟ್ಟಿಯಲ್ಲಿ ಪ್ರತಿ ಸಲವೂ ನಲವತ್ತೊಂದು ಔಷಧಿ ಕಾಣೆ. ಇಲ್ಲದ್ದನ್ನು ಇದೆ ಎಂದು ಬರೆದುಕೊಡುವುದು ಹೇಗೆ?

"ಮ್ಯಾನೇಜರ್ ಪಂಚಾಕ್ಷರಯ್ಯನವರು ನಿನ್ನೆ ನಿಮ್ಮ ಬಗ್ಗೆ ಕೇಳಿದ್ರು, 'ನಿಮ್ಮಜ್ಜಿ ಪೆನ್ನಲ್ಲಿ ಇಂಕ್ ಖಾಲಿನಾ' ಅಂತ."

"ಇಂಕಿದೆ, ಅವರಿಗೆ ತಾಳ್ಮೆ ಇಲ್ಲ ಅನ್ನು."

"ಮೂರು ಸಲ ಕಾಪಿ ಮಾಡಿದೀನಮ್ಮ. ಒಳಗೆ ಎಲ್ಲಾ ಇದೆ, ಲಿಸ್ಟಿಗೆ ಬರ್ತಿಲ್ಲ ಅಷ್ಟೇ." ಮಧುರಾ ಕಾಗದಗಳನ್ನು ಅವರ ಮುಂದಿಟ್ಟಳು.

ಅಂಬುಜಮ್ಮ ಸೆರಗಿಗೆ ಕೈಯೊರೆಸಿ ಎರಡೂ ಪಟ್ಟಿ ನೆಲಕ್ಕೆ ಹಾಸಿದರು. ಸಾಲು ಸಾಲಿಗೂ ಪೆನ್ಸಿಲ್ ಗೆರೆ ಬಿತ್ತು. ಮಧುರಾ ಬೋಗುಣಿ ಖಾಲಿ ಮಾಡಿದಳು, ಕಾಫಿಯನ್ನೂ ಮಾಡಿ ತಂದಳು.

"ಕಾಣೆಯಾದ ಔಷಧಿಗಳ ನಂಬರೆಲ್ಲ ಅಂಕಿಯಿಂದ ಶುರುವಾಗೋವೇ ಕಣೇ. ಮೂರು-ಬಿ, ಐದು-ಕೆ, ಒಂಬತ್ತು-ಎಂ."

"ಅಂಕಿ ತಾನೇ ಮೊದಲು ಬರೋದು? ಆಮೇಲೆ ಎ, ಬಿ, ಸಿ. ಜೆಡ್ ಮುಗಿದ್ಮೇಲೆ ನಿಲ್ಲು ಅಂತ ಹಳೇ ಕೋಡಲ್ಲೇ ಇದೆ."

"ಅದು ಪಿ.ಸಿ. ಕಲಿತ ರೀತಿ. ನಾನು ನಲವತ್ತಕ್ಕೆ ರಾತ್ರಿ ಶಾಲೆ ಸೇರ್ದಾಗ ಮೊದಲು ಅಕ್ಷರ, ಆಮೇಲೆ ಅಂಕಿ ಕಲಿಸಿದ್ರು. ಈ ದೊಡ್ಡ ಮಿಷನ್ನೂ ನಮ್ಮ ಮೇಷ್ಟ್ರ ಹತ್ರನೇ ಓದಿದ್ರೆ?"

ನಗಲು ಹೋದ ಮಧುರಾ ಹಣೆ ಚಚ್ಚಿಕೊಂಡಳು. "ಅಯ್ಯೋ, ಹೌದು! ಅದರಲ್ಲಿ ಅಂಕಿ ಬರೋದೇ ಜೆಡ್ ಆದ್ಮೇಲೆ. ಟ್ರೈನಿಂಗಲ್ಲಿ ಹೇಳಿದ್ರು, ಮರೆತೇಬಿಟ್ಟಿದ್ದೆ. ಅಲ್ಲಿಗೆ ಹೋಗೋ ಮೊದಲೇ ನಿಂತುಬಿಡುತ್ತೆ."

ಸೋಮವಾರ ಅವಳು ಆ ಒಂದು ಸಾಲು ತಿದ್ದಿದಳು: ಜೆಡ್‌ಗಲ್ಲ, ಪಟ್ಟಿ ಮುಗಿದಾಗ ನಿಲ್ಲು. ಪ್ರಿಂಟರ್ ಕರಕರ ಎಂದಿತು. ನಲವತ್ತೊಂದೂ ಬಾಲದಲ್ಲಿ ಸಾಲಾಗಿ ಬಂದವು.

"ಈಗಲಾದ್ರೂ ರುಜು ಹಾಕ್ತೀರಾ?" ಎಂದರು ಪಂಚಾಕ್ಷರಯ್ಯ.

"ಊಟದ ಹೊತ್ತಿಗೆ." ಅಂಬುಜಮ್ಮ ಮತ್ತೆ ಮೊದಲಿಂದ ಗೆರೆ ಎಳೆದರು. ಎಲ್ಲ ಮುಗಿದ ಮೇಲೆ ದೀಪಾವಳಿಯ ತಾರೀಖು ಹೊಡೆದುಹಾಕಿ, ರುಜು ಮಾಡಿ, ಕೆಳಗೆ ಗುಂಡು ಅಕ್ಷರದಲ್ಲಿ ಸೇರಿಸಿದರು: 'ಹೊಸ ಯಂತ್ರ ಅಂಕಿಗಳನ್ನು ಕೊನೆಗೆ ಇಡುತ್ತದೆ. ತಪ್ಪಲ್ಲ, ಅದರ ಅಭ್ಯಾಸ.'

"ಕೊಡಿ, ನಾನೇ ಪೋಸ್ಟಿಗೆ ಹಾಕ್ಬರ್ತೀನಿ," ಎಂದಳು ಮಧುರಾ.

ಅವರು ಕೊಡಲಿಲ್ಲ. ಬೀದಿ ದಾಟಿ, ಲಕೋಟೆಯನ್ನು ಕೆಂಪು ಡಬ್ಬಿಯೊಳಗೆ ಬಿಟ್ಟು, ಅದು ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ತಿರುಗಿದರು.