ಹೊಯ್ಗೆ ಹೊಂಡದ ನಾಗ

ಗುಲ್ವಾಡಿಯ ಹೊಳೆಬದಿಯಲ್ಲಿ ಮರಳು ಬಗೆದು ಬಿಟ್ಟುಹೋದ ಹೊಂಡಕ್ಕೆ ಮಳೆನೀರು ತುಂಬಿತು, ನೀರಿಗೆ ಆಕಾಶ ಇಳಿಯಿತು. ಕೊನೆಗೆ ಅದಕ್ಕೊಂದು ದ್ವಾರ, ಟಿಕೆಟು, ‘ವಿಹಾರ ಸರೋವರ’ವೆಂಬ ಫಲಕವೂ ಬಂದವು. ಊರಿನವರ ಬಾಯಲ್ಲಿ ಮರಳೆಂದರೆ ಹೊಯ್ಗೆ; ಅದು ಈಗಲೂ ಹೊಯ್ಗೆ ಹೊಂಡವೇ. ತಲ್ಲೂರಿನಿಂದ ನಾನೂ ರಾಜೀವನೂ ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತೇವೆ. ಅವನು ಬೋಟಿನ ಕೆಲಸ ಬಿಟ್ಟರೂ ಗಾಳ ಬಿಡದವನು. ನಾನು ದುರ್ಬೀನು ಹಿಡಿದು ಹಕ್ಕಿ ನೋಡುವವನು.

ಈ ಬೇಸಗೆಯಲ್ಲಿ ಹೊಂಡದ ಕಡಿದಾದ ಮಣ್ಣಿನ ಗೋಡೆಯಲ್ಲಿ, ಎದೆಯೆತ್ತರದಲ್ಲಿ, ಮಿಂಚುಳ್ಳಿಯ ಜೋಡಿಯೊಂದು ಬಿಲ ಕೊರೆದು ಮರಿ ಮಾಡಿತ್ತು. ಆ ಮರಿಗಳು ಕತ್ತಲಿನಿಂದ ಹೊರಬಿದ್ದು ನೀರಿನ ಮೇಲೆ ಮೊದಲ ನೀಲಿಗೆರೆ ಎಳೆಯುವುದನ್ನು ನೋಡಬೇಕು. ಈ ವಯಸ್ಸಿನಲ್ಲಿ ನನಗೆ ಉಳಿದಿದ್ದ ಹಟ ಅದೊಂದೇ.

ದಂಡೆಯಂತೂ ಹೇಸಿಗೆ. ಬಿರಿಯಾನಿ ಮೆತ್ತಿದ ತಟ್ಟೆಗಳ ನಡುವೆ, ಗಾಳದಿಂದ ಬಿಡಿಸಿ ಫೋಟೋ ತೆಗೆದು ಎಸೆದ ಜಿಲೇಬಿ ಮೀನುಗಳು ಬಿಸಿಲಿಗೆ ಉಬ್ಬಿ ನೊಣಗಳನ್ನು ಕರೆಯುತ್ತಿದ್ದವು. ಒಂದು ಭಾನುವಾರ ಸಚಿನ್ ಎಂಬ ತರುಣನೊಬ್ಬ ಗೆಳೆಯರನ್ನು ನಗಿಸಲು ಖಾಲಿ ಬಾಟಲಿಯನ್ನು ಆ ಬಿಲಕ್ಕೆ ತುರುಕಲು ಹೊರಟ. ರಾಜೀವ ಗಾಳ ಬಿಟ್ಟು ಕೂಗಿದ:

“ಹ್ವಾಯ್! ಕೈ ಹಾಕ್ಬೇಡಿ ಮಾರ್ರೆ, ಒಳಗೆ ನಾಗ ಇತ್ತ್!”

ಬಾಟಲಿ ಕೆಳಗೆ ಬಿತ್ತು. ಸಚಿನ್ ಚಪ್ಪಲಿ ಕಳಚಿ ಕೈಮುಗಿದ. ಬಸ್ಸಿನಲ್ಲಿ ಮರಳುವಾಗ ನಾವಿಬ್ಬರೂ ನಕ್ಕದ್ದೇ ನಕ್ಕದ್ದು. “ಪೊಲೀಸ್ರಿಗೆ ಹೆದ್ರುದಿಲ್ಲ, ನಾಗಂಗೆ ಹೆದ್ರತ್ರ್ ಕಾಣಿ,” ಎಂದ ರಾಜೀವ.

ಮುಂದಿನ ಭಾನುವಾರ ಹೋದರೆ, ಬಿಲದ ಸುತ್ತ ಅರಸಿನ ಬಳಿದಿತ್ತು. ಕೆಳಗೊಂದು ಕಲ್ಲು, ಮೇಲೆ ಶಾಮಿಯಾನ, ಕಂಬದಲ್ಲಿ ಭಜನೆ ಹಾಡುವ ಧ್ವನಿವರ್ಧಕ. ನಾಗನಿಗೆ ತನುವೆಂದು ಎರೆದ ಹಾಲೂ ಎಳನೀರೂ ಮರಳಿನಲ್ಲಿ ಹುಳಿತು ನಾರುತ್ತಿದ್ದವು. ಕೊಳೆತ ಬಾಳೆಹಣ್ಣಿನ ರಾಶಿಯಿಂದ ಕೆಂಪಿರುವೆಗಳ ಸಾಲೊಂದು ಗೋಡೆಯೇರಿ ಬಿಲದೊಳಗೆ ಹೋಗುತ್ತಿತ್ತು.

“ಬನ್ನಿ ರಾಜೀವಣ್ಣ, ನಿಮ್ಮಿಂದ್ಲೇ ಗೊತ್ತಾದ್ದ್,” ಎಂದು ಸರೋವರದ ಮ್ಯಾನೇಜರ್ ಜಿತೇಂದ್ರ ಪ್ರಸಾದ ಚಾಚಿದ.

ರಾಜೀವನ ಮುಖ ಬಿಳುಚಿತು. “ಅಯ್ಯೋ, ನಾನ್ ಸುಳ್ ಹೇಳದ್ದ್ ಮಾರ್ರೆ! ಅದ್ ಮಿಂಚುಳ್ಳಿ ಗೂಡ್!”

“ನಾಗಂಗೆ ಹಾಂಗೆಲ್ಲ ಹೇಳುಕಾಗ ಅಣ್ಣ,” ಎಂದು ಹಾಲಿನ ತಂಬಿಗೆ ಹಿಡಿದ ಹೆಂಗಸೊಬ್ಬಳು ಗದರಿದಳು.

ಜಿತೇಂದ್ರ ನಕ್ಕ. “ನಿಮ್ ಬಾಯಲ್ಲ್ ಹೇಳ್ಸಿದ್ದೇ ಅವ್ನ್. ಸುಳ್ಳಾರೆ ಕೈ ಹಾಕಿ ತೋರ್ಸಿ, ಕಾಂಬ.”

ರಾಜೀವ ಅಂಗಿಯ ತೋಳು ಮಡಚಿ ಮುಂದೆ ಬಂದ. ಅವನ ಕೈ ಬಿಲದ ಬಾಯಿಗೆ ಬಂದು ನಿಂತಿತು. ಸುಳ್ಳು ಕಟ್ಟಿದವನೇ ತನ್ನ ಸುಳ್ಳಿನೆದುರು ಕೈ ಹಿಂತೆಗೆದು, ಕಣ್ಣು ತಪ್ಪಿಸಿ, ಕಲ್ಲಿಗೆ ಕೈಮುಗಿದ.

ನಾನೇ ಕೈ ಹಾಕಿದೆ. ಒಳಗೆ ಬೆಚ್ಚಗಿನ ಕೊಳೆ, ಮೀನಿನ ಮುಳ್ಳು. ಮೊಣಕೈ ದಾಟುವಷ್ಟರಲ್ಲಿ ಇರುವೆಗಳು ತೋಳಿಡೀ ಉರಿಯಿಟ್ಟವು. ಬೆರಳಿಗೆ ಮೆತ್ತಗಿನದೇನೋ ತಗುಲಿತು. ಹೊರತೆಗೆದರೆ, ಗರಿ ಇನ್ನೂ ಬಿಚ್ಚದ ಮರಿ. ಕಣ್ಣಿದ್ದ ಜಾಗದಲ್ಲಿ ಇರುವೆಗಳು ಕುದಿಯುತ್ತಿದ್ದವು. ಇನ್ನಾದರೂ ಇವರಿಗೆ ಅರ್ಥವಾದೀತೆಂದು ಮರಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದೆ.

“ಕಾಣಿ, ಕಾಣಿ! ನಾಗ ಕಚ್ಚಿ ಬಿಟ್ಟದ್ದ್!” ಎಂದು ಸಚಿನ್ ಕೂಗಿದ. ಜನ ಒಂದೇ ಉಸಿರಿಗೆ ಕೈಮುಗಿದರು. ಆ ಹೆಂಗಸು ನನ್ನನ್ನು ಬದಿಗೆ ಸರಿಸಿ ತಂಬಿಗೆಯ ಹಾಲನ್ನು ಬಿಲದ ಬಾಯಿಗೆ ಎರಚಿದಳು. ಅದರ ಹುಳಿಹನಿ ನನ್ನ ತುಟಿಗೆ ಸಿಡಿಯಿತು.

ನಾನು ನೀರಿನ ಬದಿಗೆ ಹೋಗಿ, ಮರಿಯನ್ನು ಮರಳಿನಲ್ಲಿ ಇಳಿಸಿ, ಕೈ ತೊಳೆದೆ, ತುಟಿ ತೊಳೆದೆ. ವಾಸನೆ ಹೋಗಲಿಲ್ಲ.

ತಲೆಯೆತ್ತಿದಾಗ, ಅಬ್ಬರಿಸುವ ಧ್ವನಿವರ್ಧಕದ ಮೇಲೆ ಮಿಂಚುಳ್ಳಿಯೊಂದು, ತಾಯಿಯೋ ತಂದೆಯೋ, ಕೂತಿತ್ತು. ಕೊಕ್ಕಿನಲ್ಲಿ ಒಂದು ಪುಟ್ಟ ಮೀನು. ಬಿಲದತ್ತ ನೋಡಿತು, ಜನರತ್ತ ನೋಡಿತು. ಬಹಳ ಹೊತ್ತು ಕಾದಿತು. ಆಮೇಲೆ ಮೀನನ್ನು ಕಂಬಕ್ಕೆ ಬಡಿದು, ತಾನೇ ನುಂಗಿ, ಹೊಳೆಯತ್ತ ಹಾರಿಹೋಯಿತು.