ಒಂದು ಬಾಯಿ ಮೆಲುಕು

ನಾನೊಂದು ಮುದಿ ಮೇಕೆ. ಹಣೆಯ ಮೇಲೆ ಬಿಳಿ ಮಚ್ಚೆ ಇರುವುದರಿಂದ ಬೊಟ್ಟಿ ಎಂದು ಕರೆಯುತ್ತಾರೆ. ಹಲ್ಲು ಸವೆದಿವೆ, ಮಂಡಿ ಹಿಡಿದುಕೊಂಡಿದೆ, ಎದ್ದು ನಿಲ್ಲುವುದೆಂದರೇ ಬೇಸರ. ಕತೆ ಹೇಳು ಎಂದರೆ ಹೇಳುತ್ತೇನೆ. ನಡುವೆ ಮೆಲುಕು ಹಾಕಲು ನಿಂತರೆ ಬೇಜಾರು ಮಾಡಿಕೊಳ್ಳಬೇಡಿ.

ಹುಟ್ಟಿದ್ದು ಚಳ್ಳಕೆರೆ ಕಡೆ, ಬಯಲಿನ ಜಾಲಿ ಮರದ ಕೆಳಗೆ. ಮಂದೆ ನಡೆಯುತ್ತಲೇ ಇತ್ತು, ಅಮ್ಮ ನಿಂತಳು, ನಾನು ಬಿದ್ದೆ. ನನ್ನನ್ನು ನೆಕ್ಕಿ ನಿಲ್ಲಿಸಿ ಮತ್ತೆ ಮಂದೆಯ ಹಿಂದೆ ಹೊರಟಳು. ಜಾಲಿಕಾಯಿ, ಬಾರೆ ಸೊಪ್ಪು, ಬೇಲಿಯ ಬಳ್ಳಿ ತಿಂದು ಬೆಳೆದೆ.

ಮೊದಲ ಸಲ ಗಬ್ಬವಾದಾಗ ಊರಾಚೆ ಶೆಡ್ಡಿನಲ್ಲಿ ಮೇಕೆ ಸಾಕುವವನೊಬ್ಬ ಕೊಂಡುಕೊಂಡ. ಅಲ್ಲಿ ಸೊಪ್ಪಿನ ಮಾತೇ ಇಲ್ಲ. ಬೆಳಿಗ್ಗೆ ಮೆಕ್ಕೆಜೋಳದ ನುಚ್ಚು, ಸಂಜೆಗೂ ಅದೇ. ಈದ ಹೊಸತರಲ್ಲಿ ಹಾಲು ತಂಬಿಗೆ ತುಂಬಿ ಚೆಲ್ಲಿತು, ಅವನು ನನ್ನ ಬೆನ್ನು ತಟ್ಟಿದ. ಆಮೇಲೆ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಮೆಲುಕು ಹಾಕೋಣವೆಂದರೆ ಬಾಯಿಗೆ ಬರೀ ಹುಳಿ ನೀರು. ಹಾಲು ಬತ್ತಿತು, ಬೆನ್ನು ತಟ್ಟಿದ ಕೈಯೇ ನನ್ನನ್ನು ಸಂತೆಗೆ ಎಳೆದೊಯ್ದಿತು.

ಅಲ್ಲಿ ನನ್ನನ್ನು ಕೊಂಡವಳು ಬೋರಕ್ಕ. ಅವಳ ಗಂಡ ಪಾಲಯ್ಯ, "ಈ ಎಲುಬಿನ ಗೂಡು ಕಟ್ಕೊಂಡು ಏನ್ ಮಾಡ್ತೀಯ" ಎಂದು ಗೊಣಗಿದ. ಅವಳು ದಿನಾ ಒಂದು ಕಂತೆ ಅಗಸೆ ಸೊಪ್ಪು, ಒಣಗಿದ ಜಾಲಿಕಾಯಿ, ತೊಗರಿ ಹೊಟ್ಟು ಹಾಕಿದಳು. ಹೊಟ್ಟೆ ಒಂದೇ ಸಲಕ್ಕೆ ಒಪ್ಪಲಿಲ್ಲ, ನಿಧಾನಕ್ಕೆ ದಾರಿಗೆ ಬಂತು. ಉರಿ ಹೋಯಿತು, ಹಾಲೂ ಬಂತು. ಆ ಮನೆಯಲ್ಲಿ ಎಷ್ಟೋ ಸೂಲು ಈದೆ. ಕೊನೆಯವಳು ಕೆಂಚಿ. ಅವಳಾದ ಮೇಲೆ ನನ್ನ ಕೆಚ್ಚಲು ಜೋತುಬಿದ್ದ ಬರೀ ತೊಗಲಾಯಿತು.

ಕೆಂಚಿ ಬೆಳೆದು ಅವಳೂ ಈದಳು, ಅವಳಿ ಮರಿಗಳು. ಅದೇ ವಾರ ಮನೆಯಲ್ಲಿ ಬೋರಕ್ಕನ ಮಗಳ ಸೀಮಂತ. ಊಟ ಮುಗಿದ ಮೇಲೆ ಒಂದು ಕೊಳಗ ಅನ್ನ, ಪಾಯಸ ಉಳಿಯಿತು. ಅನ್ನ ಚೆಲ್ಲುವ ಮನೆಯಲ್ಲ ಅದು. ಬೋರಕ್ಕ ಅಷ್ಟನ್ನೂ ತಂದು ಕೆಂಚಿಯ ಮುಂದೆ ಸುರಿದಳು.

"ಇದೂ ಬಾಣಂತಿ ಅಲ್ವಾ, ಹೊಟ್ಟೆ ತುಂಬ ಉಣ್ಲಿ ಬಿಡು," ಎಂದಳು.

"ಆ ಮುದುಕಿಗೂ ಒಂದಿಷ್ಟು ಹಾಕ್ಲಾ?" ಎಂದ ಪಾಲಯ್ಯ. ಆಮೇಲೆ ತಾನೇ, "ನಾಳೆ ಸಂತೆಗೆ ಹೋಗೋದಕ್ಕೆ ಪಾಯಸ ಯಾಕೆ," ಎಂದು ನಕ್ಕ. ಹೀಗೆ ನನ್ನ ಸಂಗತಿ ನನಗೆ ಗೊತ್ತಾಯಿತು. ನಿಜ ಹೇಳುತ್ತೇನೆ, ಅಂಥ ದುಃಖವೇನೂ ಆಗಲಿಲ್ಲ. ಸಾಕಾಗಿತ್ತು. ನನ್ನ ಪಾಲಿನ ಒಣ ಅಗಸೆ ತಿಂದು ಮಲಗಿದೆ.

ಬೆಳಗಾದಾಗ ಕೆಂಚಿ ಮಲಗಿದಲ್ಲೇ ಇದ್ದಳು. ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿದ್ದಳು, ಮೆಲುಕು ನಿಂತುಹೋಗಿತ್ತು. ಮರಿಗಳು ಬತ್ತಿದ ಕೆಚ್ಚಲಿಗೆ ತಲೆ ಗುದ್ದಿ ಗುದ್ದಿ ಅರಚುತ್ತಿದ್ದವು. ಹೊಟ್ಟೆಯೊಳಗಿನ ಆ ಉರಿ ನನಗೆ ಗೊತ್ತು. ಸಂಕಟ ತಡೆಯಲಾಗಲಿಲ್ಲ. ಅಷ್ಟರಲ್ಲಿ ಪಾಲಯ್ಯ ನನ್ನ ಕೊರಳಿಗೆ ಹಗ್ಗ ಹಾಕಿ ಲಗೇಜ್ ಆಟೋದ ಕಡೆಗೆ ಎಳೆದ. ಬೋರಕ್ಕನ ಜೊತೆ ದನದ ಡಾಕ್ಟರಮ್ಮ ಓಡೋಡಿ ಬಂದರು.

"ಏನು ತಿನ್ನಿಸಿದ್ರಿ?"

"ಅನ್ನ, ಮೇಡಂ. ಬಾಣಂತಿ ಅಂತ..." ಬೋರಕ್ಕ ಕೆಂಚಿಯ ತಲೆ ಎತ್ತಿ ಹಿಡಿದಳು.

ಡಾಕ್ಟರಮ್ಮ ಬೈಯಲಿಲ್ಲ. ಕೆಂಚಿಗೆ ಸೋಡಾಪುಡಿ ನೀರು ಕುಡಿಸಿ ಹೇಳಿದರು: "ಸೊಪ್ಪು ಅರಗಿಸೋ ಜೀವಿಗಳು ಕಣ್ಣಿಗೆ ಕಾಣಲ್ಲಮ್ಮ, ಹೊಟ್ಟೆ ತುಂಬ ಇರ್ತವೆ. ಹಾಲು ಇಳಿಯೋದು ಅವು ದುಡಿದರೇನೇ. ಒಂದೇ ಸಲ ಇಷ್ಟು ಅನ್ನ ಬಿದ್ದರೆ ಹುಳಿಯೆದ್ದು ಅವೆಲ್ಲ ಸಾಯ್ತವೆ. ಈಗ ಬೇರೆ ಮೇಕೆಯ ಹೊಟ್ಟೆಯಿಂದ ತಂದು ತುಂಬಬೇಕು. ಮೆಲುಕಿನ ಜೊತೆ ಅವು ಬಾಯಿಗೂ ಬರ್ತವೆ. ಬರೀ ಸೊಪ್ಪು ತಿಂದಿರೋದು ಯಾವುದಾದರೂ ಇದೆಯಾ?"

ಬೋರಕ್ಕ ನನ್ನ ಕಡೆ ತಿರುಗಿದಳು. ನಾನು ಆಟೋದ ಹತ್ತಿರ ನಿಂತು, ಅಭ್ಯಾಸಬಲದಿಂದ, ಮೆಲುಕು ಹಾಕುತ್ತಿದ್ದೆ.

"ಹಗ್ಗ ಬಿಚ್ಚು," ಎಂದಳು ಗಂಡನಿಗೆ.

ಅವನು ನನ್ನ ದವಡೆ ಹಿಡಿದ, ಅವಳು ಬಾಯಿಗೆ ಕೈ ಹಾಕಿ ಮೆಲುಕಿನ ಉಂಡೆ ಕಿತ್ತಳು. ಇನ್ನೊಂದು ಬಂತು, ಅದನ್ನೂ ಕಿತ್ತಳು. ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ಕೆಂಚಿಯ ಗಂಟಲಿಗೆ ಇಳಿಸಿದರು. ಮಗಳಿಗೆ ಕೊಡಲು ನನ್ನಲ್ಲಿ ಹಾಲಿರಲಿಲ್ಲ, ಅರ್ಧ ಅಗಿದ ಸೊಪ್ಪಿತ್ತು. ಮರುದಿನವೂ ಹಾಗೇ ಮಾಡಿದರು. ಅಂದು ಸಂಜೆ ಕೆಂಚಿಯ ದವಡೆ ಮೆಲ್ಲಗೆ ಅಲ್ಲಾಡಿತು. ಬೋರಕ್ಕ ಗೋಡೆಗೆ ಒರಗಿ ಅತ್ತಳು. ಹಾಲು ಬರಲು ಇನ್ನೂ ಕೆಲವು ದಿನ ಹಿಡಿಯಿತು, ಆದರೆ ಬಂತು.

ಸಂತೆಗೆ ನಾನು ಹೋಗಲಿಲ್ಲ. ಈಗ ಊರಲ್ಲಿ ಯಾರ ಮೇಕೆ ಮೆಲುಕು ಬಿಟ್ಟರೂ ನನ್ನ ಹತ್ತಿರ ಬರುತ್ತಾರೆ. ಆಗ ಕೆಚ್ಚಲು ಹಿಂಡುತ್ತಿದ್ದರು, ಈಗ ಬಾಯಿ ಹಿಂಡುತ್ತಾರೆ. ವಯಸ್ಸಾದವರನ್ನು ಸುಮ್ಮನೆ ಬಿಡುವ ಜನವಲ್ಲ ಇವರು.

ನಿನ್ನೆ ಪಾಲಯ್ಯ ಎಳೆಯ ಅಗಸೆ ಸೊಪ್ಪನ್ನು ಮೊದಲು ನನ್ನ ಮುಂದೆ ತಂದು ಹಾಕಿದ. ನನಗೆ ಹಸಿವಿರಲಿಲ್ಲ. ಪಕ್ಕದಲ್ಲಿ ಕೆಂಚಿಯ ಮರಿಗಳು ಹಾಲು ಕುಡಿದು, ಬಾಯಂಚಿನಲ್ಲಿ ನೊರೆ ಇಟ್ಟುಕೊಂಡೇ ಮಲಗಿದ್ದವು. ಅವನ್ನು ನೋಡುತ್ತ ಒಂದೊಂದೇ ಎಲೆ ತಿಂದೆ.